ತೊಗರಿ ಹೊಲದಲ್ಲಿ ತಲೆಕೆಳಗಾಗಿ ಜೋತ ಕೀಡಿ



ನಿಮ್ಮೆದುರು ನಿಂತಿರುವ ನನಗೆ ಇನ್ನೂ ಮೂವತ್ತು ತುಂಬಿಲ್ಲ. ಕೃಷಿ ಡಿಪ್ಲೊಮಾ ಓದಿದ್ದೇನೆ, ನಿಜ. ಆದರೆ ನಾನು ಹುಟ್ಟುವ ಮೊದಲಿನಿಂದಲೂ ಕೂರಿಗೆ ಹಿಡಿದವರು ಇಲ್ಲಿ ಕುಳಿತಿದ್ದೀರಿ. ಆದುದರಿಂದ ನಿಮಗೆ ಬೇಸಾಯ ಕಲಿಸುವ ಧೈರ್ಯ ನನಗಿಲ್ಲ. ನಿಮ್ಮ ಹೊಲದಲ್ಲಿಯೇ ನಡೆಯುವ ಕೆಲವು ಸೋಜಿಗಗಳನ್ನು ಹೇಳಿ, ಅವುಗಳಿಂದ ನಾಲ್ಕು ಕಾಸು ಉಳಿಯುವ ದಾರಿಯುಂಟೇ ಎಂದು ನಿಮ್ಮೊಡನೆ ವಿಚಾರ ಮಾಡಲು ಬಂದಿದ್ದೇನೆ.

ಸೋಜಿಗ ನೋಡಬೇಕಾದರೆ ದೂರದೇಶಕ್ಕೆ ಹೋಗಬೇಕೆಂದು ನಾವು ತಿಳಿಯುತ್ತೇವೆ. ನೀವು ಕುಳಿತಿರುವ ಫರಸಿಯನ್ನೇ ನೋಡಿರಿ. ಶಹಾಬಾದದ ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರಾಗಿತ್ತು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ನಮ್ಮ ಈ ಸೀಮೆ ನೀರಿನಡಿಯಲ್ಲಿತ್ತು. ಸುಣ್ಣದ ಕೆಸರು ಪದರ ಪದರವಾಗಿ ಕುಳಿತು ಗಟ್ಟಿಯಾಯಿತು. ಈ ಕಲ್ಲು ಹಾಸು ಹಾಸಾಗಿ ಏಳುವುದು ಅದಕ್ಕೇ. ಅದರಲ್ಲಿ ಸುಣ್ಣವಿರುವುದರಿಂದಲೇ ವಾಡಿಯಲ್ಲಿ ಸಿಮೆಂಟು ತಯಾರಾಗುತ್ತದೆ.

ಮೇಲಿನ ಎರಿ ಮಣ್ಣಿನ ಕಥೆ ಬೇರೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು, ಕಾದ ಕಲ್ಲಿನ ರಸ ಹೊರಬಂದು ಹರಿಯಿತು. ಅದು ಆರಿ ಕಪ್ಪು ಬಂಡೆಯಾಗಿ, ಬಿಸಿಲು ಮಳೆಗೆ ಸವೆದು ಎರಿ ಮಣ್ಣಾಯಿತು. ಬೇಸಿಗೆಯಲ್ಲಿ ಈ ಮಣ್ಣು ಬಾಯಿ ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಎತ್ತು ನೇಗಿಲು ಇಲ್ಲದೆಯೇ ಭೂಮಿ ತನ್ನನ್ನು ತಾನು ಅಷ್ಟಿಷ್ಟು ಮಗುಚಿಕೊಳ್ಳುತ್ತದೆ. ಆಶ್ಚರ್ಯವಲ್ಲವೇ?

ಇನ್ನು ತೊಗರಿಯ ಬೇರಿಗೆ ಬರೋಣ. ಬಿತ್ತಿದ ಒಂದೂವರೆ ಎರಡು ತಿಂಗಳಿಗೆ, ನೆಲ ಹಸಿಯಿದ್ದಾಗ, ಒಂದು ಗಿಡವನ್ನು ಮಣ್ಣು ಸಮೇತ ಅಗೆದು ತೆಗೆಯಿರಿ. ಜಗ್ಗಿ ಕಿತ್ತರೆ ನಾನು ಹೇಳುವುದು ಕಾಣುವುದಿಲ್ಲ. ಮಣ್ಣನ್ನು ನೀರಿನಲ್ಲಿ ಮೆಲ್ಲಗೆ ತೊಳೆದರೆ ಬೇರಿಗೆ ಸಣ್ಣ ಸಣ್ಣ ಗಂಟುಗಳು ಅಂಟಿರುತ್ತವೆ. ಅದು ರೋಗವಲ್ಲ. ಒಂದು ಗಂಟನ್ನು ಉಗುರಿನಿಂದ ಸೀಳಿರಿ. ಒಳಗೆ ನಸುಗೆಂಪು ಬಣ್ಣ ಕಂಡರೆ ನಿಮ್ಮ ತೊಗರಿಗೆ ಒಳ್ಳೆಯ ಸಂಗಾತಿ ಸಿಕ್ಕಿದೆಯೆಂದು ತಿಳಿಯಿರಿ. ನಮ್ಮ ರಕ್ತವನ್ನು ಕೆಂಪಾಗಿಸುವ ವಸ್ತುವಿನ ಒಡಹುಟ್ಟಿದಂಥದೇ ಒಂದು ವಸ್ತು ಆ ಗಂಟಿನಲ್ಲಿದೆ. ಅದರಲ್ಲಿ ಕಣ್ಣಿಗೆ ಕಾಣದ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ವಾಸವಾಗಿರುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಈ ಜೀವಿಗಳು ಅದನ್ನು ಹಿಡಿದು ಗಿಡಕ್ಕೆ ಉಣ್ಣಿಸುತ್ತವೆ. ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು 1888ರಲ್ಲಿ ಇದನ್ನು ಪ್ರಕಟಿಸಿದರು. ಕಾಳಿನ ಬೆಳೆಯಾದ ಮೇಲೆ ಜೋಳ ಚೆನ್ನಾಗಿ ಬರುತ್ತದೆಂಬುದನ್ನು ನಮ್ಮ ಹಿರಿಯರು ಅದಕ್ಕೂ ಮೊದಲೇ ಬಲ್ಲರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅದು ಕಾಯಿಕೊರಕ ಕೀಡಿಯದು. ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ತೊಗರಿ ಹೂವು ಕಾಯಿಯಾಗುವ ಹೊತ್ತು. ಹಿರಿಯರೊಬ್ಬರು ನನ್ನನ್ನು ಹೊಲಕ್ಕೆ ಕರೆದೊಯ್ದರು. ಗಿಡದ ತುದಿಯಲ್ಲಿ ಕೀಡಿಗಳು ಹಿಂಗಾಲಿನಿಂದ ಟೊಂಗೆ ಹಿಡಿದು ತಲೆ ಕೆಳಗಾಗಿ ಜೋತು ಸತ್ತಿದ್ದವು. ಮೈ ಮೆತ್ತಗಾಗಿ ಒಳಗಿನದೆಲ್ಲ ನೀರಾಗಿತ್ತು.

“ತಮ್ಮಾ, ಇವಕ್ಕ ಏನಾಗ್ಯಾದ ನೋಡು” ಎಂದರು.

“ಔಷಧ ಕೆಲಸ ಮಾಡ್ಯಾದ ಕಾಕಾ. ಇನ್ನೊಂದು ಸಲ ಹೊಡೀರಿ, ಉಳಿದಾವೂ ಹೋಗ್ತಾವ” ಎಂದೆ.

“ಈ ಮೂಲಿಗೆ ನಾ ಔಷಧನೇ ಹೊಡೆದಿಲ್ಲಲ್ಲೋ ತಮ್ಮಾ!”

ನನಗೆ ಉತ್ತರ ತಿಳಿಯಲಿಲ್ಲ. ತಿಳಿಯದೆಂದು ಹೇಳಲು ನಾಚಿಕೆಯಾಯಿತು. ಹೊಡೆಯಿರಿ ಎಂದೇ ಹೇಳಿ ಬಂದೆ. ಅವರು ಉದ್ರಿ ತಂದು ಹೊಡೆದರು. ಆ ಉದ್ರಿ ರಾಶಿಯ ದಿನದವರೆಗೂ ಅವರ ತಲೆಯ ಮೇಲೆ ಕುಳಿತಿತ್ತು.

ಆಮೇಲೆ ತಿಳಿದವರನ್ನು ಕೇಳಿದೆ. ಅದು ಎನ್.ಪಿ.ವಿ. ಎಂಬ ನಂಜಾಣುವಿನ ಕೆಲಸ. ಅಂದರೆ ಕೀಡಿಗೆ ಬರುವ ಸಾಂಕ್ರಾಮಿಕ ಬೇನೆ. ಬೇನೆ ಹತ್ತಿದ ಕೀಡಿ ಮೇವು ಬಿಟ್ಟು ಗಿಡದ ತುದಿಗೆ ಏರುತ್ತದೆ. ಅದು ತಾನಾಗಿ ಏರುವುದಲ್ಲ. ನಂಜಾಣುವೇ ಅದರ ನಡತೆಯನ್ನು ಕೆಡಿಸಿ ಏರಿಸುತ್ತದೆ. ತುದಿಯಲ್ಲಿ ಜೋತು ಸತ್ತರೆ ಅದರ ಮೈಯ ರಸ ಕೆಳಗಿನ ಎಲೆ ಕಾಯಿಗಳ ಮೇಲೆ ತೊಟ್ಟಿಕ್ಕುತ್ತದೆ. ಅದನ್ನು ತಿಂದ ಕೀಡಿಗಳಿಗೂ ಬೇನೆ ಅಂಟುತ್ತದೆ. ಮನುಷ್ಯರಿಗೆ, ದನಕರುಗಳಿಗೆ, ಜೇನ್ನೊಣಕ್ಕೆ ಇದರಿಂದ ಏನೂ ಆಗದು. ನಾನು ಮರಳಿ ಹೋಗಿ ಆ ಕಾಕಾರಿಗೆ, “ತಪ್ಪು ನನ್ನದು, ಪುಕ್ಕಟೆ ಔಷಧ ನಿಮ್ಮ ಹೊಲದಲ್ಲೇ ಜೋತಿತ್ತು” ಎಂದೆ. ಅವರು ನಕ್ಕು, “ಮುಂದಿನ ವರ್ಷ ಹೇಳು” ಎಂದರು. ಆ ಮುಂದಿನ ಮಾತನ್ನೇ ಇಂದು ನಿಮಗೂ ಹೇಳುತ್ತೇನೆ.

ಈ ಕೀಡಿಯ ಸ್ವಭಾವ ತಿಳಿಯಿರಿ. ಹಸಿರು, ಕಂದು, ಹಳದಿ ಎಂದು ಬಣ್ಣ ಬೇರೆಯಾದರೂ ಜಾತಿ ಒಂದೇ. ಪತಂಗ ರಾತ್ರಿ ಹಾರಿ ಮೊಗ್ಗು ಹೂವಿನ ಮೇಲೆ ಒಂದೊಂದಾಗಿ ನೂರಾರು ಮೊಟ್ಟೆಯಿಡುತ್ತದೆ. ಎರಡು ಕೀಡಿಗಳನ್ನು ಒಂದೇ ಡಬ್ಬಿಯಲ್ಲಿಟ್ಟರೆ ಒಂದು ಇನ್ನೊಂದನ್ನು ತಿನ್ನುವುದುಂಟು. ಬೆಳೆದ ಕೀಡಿ ಮಣ್ಣಿಗಿಳಿದು ಕೋಶವಾಗುತ್ತದೆ. ಒಂದೇ ಬಗೆಯ ವಿಷವನ್ನು ಮೇಲಿಂದ ಮೇಲೆ ಹೊಡೆದರೆ ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕೆ ಬರುತ್ತದೆ. 1980ರ ದಶಕದಲ್ಲಿಯೇ ನಮ್ಮ ದೇಶದಲ್ಲಿ ಇದು ಕಂಡುಬಂದಿದೆ. ವಿಷ ಹೆಚ್ಚಾದಂತೆ ಸಾಲ ಬೆಳೆಯುತ್ತದೆ, ಕೀಡಿ ಉಳಿಯುತ್ತದೆ.

ಆದುದರಿಂದ ಹೀಗೆ ಮಾಡಿ ನೋಡಿರಿ.

ಒಂದು: ಬಿತ್ತುವಾಗ ಒಂದು ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನೊಡನೆ ಹಚ್ಚಿ ನೆರಳಿನಲ್ಲಿ ಆರಿಸಿರಿ. ನೆಟೆ ರೋಗಕ್ಕೆ ತಡೆಯಾಗಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿರಿ. 2022-23ರಲ್ಲಿ ನೆಟೆ ರೋಗ ನಮ್ಮ ಜಿಲ್ಲೆಯ ತೊಗರಿಯನ್ನು ಹೇಗೆ ಒಣಗಿಸಿತೆಂಬುದನ್ನು ನೀವು ಮರೆತಿಲ್ಲ.

ಎರಡು: ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಕಾಳು ಬಿತ್ತಿರಿ, ಇಲ್ಲವೇ ಕವಲುಕೋಲು ನೆಡಿರಿ. ಕಾಜಾಣ, ಗೊರವಂಕಗಳು ಅದರ ಮೇಲೆ ಕುಳಿತು ಕೀಡಿ ಹೆಕ್ಕುತ್ತವೆ. ಆ ಹಕ್ಕಿಗಳಿಗೆ ಕೂಲಿ ಕೊಡಬೇಕಾಗಿಲ್ಲ.

ಮೂರು: ಕೀಡಿ ದೊಡ್ಡವಾಗಿದ್ದರೆ ಗಿಡ ಬಗ್ಗಿಸಿ, ಕೆಳಗೆ ತಾಡಪತ್ರಿ ಹಿಡಿದು ಜಾಡಿಸಿರಿ. ಇದು ನಮ್ಮ ಕಲಬುರಗಿ ಸೀಮೆಯವರದೇ ಹಳೆಯ ಉಪಾಯ. ವಿಜ್ಞಾನಿಗಳೂ ಪರೀಕ್ಷಿಸಿ ಒಪ್ಪಿದ್ದಾರೆ. ಬಿದ್ದ ಕೀಡಿ ಮನೆಯ ಕೋಳಿಗೆ ಆಹಾರ.

ನಾಲ್ಕು: ಕೀಡಿ ಸಣ್ಣವಿದ್ದಾಗಲೇ ಎನ್.ಪಿ.ವಿ. ದ್ರಾವಣ ಹೊಡೆಯಿರಿ. ಎಕರೆಗೆ ನೂರು ರೋಗದ ಕೀಡಿಗಳ ಸತ್ವ ಸಾಕು. ಬಿಸಿಲಿಗೆ ನಂಜಾಣು ಸಾಯುವುದರಿಂದ ಸಂಜೆಯೇ ಹೊಡೆಯತಕ್ಕದ್ದು. ಸ್ವಲ್ಪ ಬೆಲ್ಲ, ಬಟ್ಟೆಗೆ ಹಾಕುವ ನೀಲಿ ಬೆರೆಸಬೇಕು. ಬೆಲ್ಲ ಕೀಡಿಯನ್ನು ಮೇಯಿಸುತ್ತದೆ, ನೀಲಿ ಬಿಸಿಲನ್ನು ತಡೆಯುತ್ತದೆ. ಕೀಡಿ ಸಾಯಲು ಐದಾರು ದಿನ ಬೇಕು. ಮರುದಿನವೇ ಸಾಯಲಿಲ್ಲವೆಂದು ವಿಷದ ಅಂಗಡಿಗೆ ಓಡಬೇಡಿರಿ.

ಐದು: ರಾಶಿ ಮುಗಿದ ಮೇಲೆ ಆಳವಾಗಿ ಉಳುಮೆ ಮಾಡಿರಿ. ಮಣ್ಣೊಳಗಿನ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ.

ಇಷ್ಟು ಮಾಡಿದರೆ ವಿಷವೇ ಬೇಡವಾಗುತ್ತದೆಂದು ನಾನು ಆಣೆ ಮಾಡುವುದಿಲ್ಲ. ಕೀಡಿ ಮಿತಿಮೀರಿದರೆ ಹೊಡೆಯಬೇಕಾದೀತು. ಆದರೆ ಮೂರು ಸಲದ ಬದಲು ಒಂದು ಸಲವಾದರೂ ಉದ್ರಿ ಅಷ್ಟು ಕಡಿಮೆಯಾಯಿತಲ್ಲವೇ? ಆ ಕಾಕಾರು ಮರುವರ್ಷ ಹೀಗೆಯೇ ಮಾಡಿ ಒಂದು ಸಲದ ಔಷಧದ ಖರ್ಚು ಉಳಿಸಿದರು.

ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಿ. ಆ ದಿನ ಊಟಕ್ಕೆ ಕೂಡುವ ಮೊದಲು ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ಹಾಕಿರಿ. ಗಿಡದ ತುದಿ ನೋಡಿರಿ. ಜೋತ ಕೀಡಿ ಕಂಡರೆ ಕಿತ್ತೆಸೆಯಬೇಡಿರಿ, ನನಗೆ ಹೇಳಿ ಕಳಿಸಿರಿ. ನಿಮಗೆ ತಿಳಿಯದ್ದು ಕಂಡರೂ ಕೇಳಿರಿ. ನನಗೂ ತಿಳಿಯದಿದ್ದರೆ ಈಗ ತಿಳಿಯದೆಂದೇ ಹೇಳುತ್ತೇನೆ. ತಿಳಿದವರನ್ನು ಕೇಳಿ ಬಂದು ತಿಳಿಸುತ್ತೇನೆ.