ಸರಕಾರದ ವಕೀಲ ಸೀರ್ವಾಯಿಯವರು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯ ಕೋಟೆ ಭಾಗದ ಹೋಟೆಲುಗಳಲ್ಲಿ ದುಡಿದ ನಮಗೆ ಹೈಕೋರ್ಟಿನ ಕಲ್ಲುಕಟ್ಟಡ ಹೊಸತಲ್ಲ. ಅಲ್ಲಿಯ ಕರಿಕೋಟಿನವರಿಗೆ ಚಹಾ ಕೊಂಡೊಯ್ದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಕಟ್ಟಡದಲ್ಲಿ 1957ರಿಂದ 1974ರ ತನಕ ಸರಕಾರದ ಪರ ನಿಂತು ವಾದಿಸಿದವರು ಎಚ್. ಎಂ. ಸೀರ್ವಾಯಿಯವರು. ಮೊದಲು ಮುಂಬಯಿ ರಾಜ್ಯಕ್ಕೆ, 1960ರಿಂದ ಮಹಾರಾಷ್ಟ್ರಕ್ಕೆ ಅವರೇ ಅಡ್ವೊಕೇಟ್ ಜನರಲ್.

ಅಡ್ವೊಕೇಟ್ ಜನರಲ್ ಎಂದರೆ ರಾಜ್ಯ ಸರಕಾರದ ಹಿರಿಯ ವಕೀಲ. ನೇಮಿಸುವವರು ರಾಜ್ಯಪಾಲರು. ವಿಧಾನಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಒಂದು ಕಾಯಿದೆ ಕೋರ್ಟಿನಲ್ಲಿ ನಿಂತೀತೇ, ಬಿದ್ದೀತೇ ಎಂದು ಸರಕಾರ ಕೇಳಿದರೆ ಹೇಳಬೇಕಾದವರೂ ಅವರೇ.

ಸೀರ್ವಾಯಿಯವರು 1906ರಲ್ಲಿ ಮುಂಬಯಿಯ ಪಾರ್ಸಿ ಮನೆಯಲ್ಲಿ ಹುಟ್ಟಿದವರು. ತತ್ತ್ವಶಾಸ್ತ್ರ ಓದಿ, 1932ರಲ್ಲಿ ವಕೀಲಿಗೆ ಇಳಿದರು. ಗುರು ಸರ್ ಜಮ್‌ಶೇಟ್‌ಜಿ ಕಾಂಗಾ. ನಾನಿ ಪಾಲ್ಖಿವಾಲಾ ಕೂಡ ಆ ಗುರುವಿನ ಶಿಷ್ಯರೇ. 1967ರಲ್ಲಿ ಸೀರ್ವಾಯಿಯವರು ಭಾರತದ ರಾಜ್ಯಾಂಗದ ಮೇಲೆ ಬರೆದ ದೊಡ್ಡ ಗ್ರಂಥ ಹೊರಬಂತು.

ಇನ್ನು ನಮ್ಮ ಊರ ಕಡೆಯ ಮಾತು. ಕಾಸರಗೋಡಿನ ಹತ್ತಿರ ಎಡನೀರು ಎಂಬ ಕನ್ನಡದ ಮಠವಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಆ ಸರಕಾರದ ಭೂಸುಧಾರಣೆಯ ಕಾಯಿದೆ ಮಠದ ಜಮೀನಿಗೂ ತಗಲಿತು. ಮಠದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಸ್ವಾಮಿಗಳ ಪರ ಪಾಲ್ಖಿವಾಲಾ, ಕೇರಳ ಸರಕಾರದ ಪರ ಸೀರ್ವಾಯಿ.

ಮುಚ್ಚುಮರೆ ಏಕೆ? ಗೇಣಿಯ ಅಕ್ಕಿ ಧಣಿಗೆ ಅಳೆದುಕೊಟ್ಟು, ಉಳಿದದ್ದು ಮಳೆಗಾಲಕ್ಕೂ ಸಾಲದೆ ಊರು ಬಿಟ್ಟ ಒಕ್ಕಲು ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ನಮ್ಮ ಮನಸ್ಸು ಸೀರ್ವಾಯಿಯವರ ಕಡೆಗೇ ವಾಲುತ್ತದೆ. ಪಾರ್ಲಿಮೆಂಟು ರಾಜ್ಯಾಂಗದ ಯಾವ ಭಾಗವನ್ನೂ ತಿದ್ದಬಹುದು, ಅದಕ್ಕೆ ಮಿತಿಯಿಲ್ಲ ಎಂದು ಅವರು ವಾದಿಸಿದರು. 13 ಮಂದಿ ನ್ಯಾಯಾಧೀಶರು 68 ದಿನ ಕೇಳಿ, 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ತಿದ್ದಬಹುದು, ಬುಡವನ್ನು ಕೆಡವಬಾರದು ಎಂದಾಯಿತು. ಕೇರಳದ ಭೂಕಾಯಿದೆಗಳಿಗೆ ರಕ್ಷಣೆ ಕೊಟ್ಟ ತಿದ್ದುಪಡಿ ಉಳಿಯಿತು. ಮಿತಿಯಿಲ್ಲವೆಂಬ ವಾದ ಬಿದ್ದಿತು.

ಎರಡು ವರ್ಷ ಕಳೆಯಿತು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂತು. ಪ್ರಧಾನಮಂತ್ರಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸಬಾರದೆಂದು ರಾಜ್ಯಾಂಗವನ್ನೇ ತಿದ್ದಿದರು. ಕಾರಣವಿಲ್ಲದೆ ಜೈಲಿಗೆ ಹಾಕಿದರೂ ಕೋರ್ಟಿಗೆ ಹೋಗುವಂತಿಲ್ಲವೆಂದು 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಸೀರ್ವಾಯಿಯವರು ಆಗ ಸರಕಾರದ ವಕೀಲರಾಗಿರಲಿಲ್ಲ. ಆ ತೀರ್ಪನ್ನು ಖಂಡಿಸಿ 1978ರಲ್ಲಿ ಪುಸ್ತಕವನ್ನೇ ಬರೆದರು. ಮುಂದೆ ತಮ್ಮ ದೊಡ್ಡ ಗ್ರಂಥವನ್ನು ತಿದ್ದುವಾಗ, ತಾವು ವಿರೋಧಿಸಿದ್ದ ಆ ಮಿತಿಯೇ ಸರಿಯೆಂದು ಒಪ್ಪಿ ಅಚ್ಚು ಹಾಕಿಸಿದರು.

ಗಲ್ಲೆಯ ಮೇಲೆ ಕೂತ ಧಣಿ ತನ್ನ ಲೆಕ್ಕ ತಪ್ಪೆಂದು ಒಪ್ಪಿದ್ದನ್ನು ನಾವು ಕಂಡದ್ದು ಅಪರೂಪ. ಧಣಿಯ ಮಾತು ಹಾಗಿರಲಿ, ನಮ್ಮ ಸಂಘದ ಸಭೆಯಲ್ಲೇ ಹೋದ ವರ್ಷ ಹಿಡಿದ ಪಟ್ಟನ್ನು ಈ ವರ್ಷ ಬಿಟ್ಟವರು ಯಾರು? ನಗಬೇಡಿ, ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಸೀರ್ವಾಯಿಯವರು 1996ರ ಜನವರಿಯಲ್ಲಿ ತೀರಿಕೊಂಡರು. ಎಡನೀರಿನ ಸ್ವಾಮಿಗಳು 2020ರಲ್ಲಿ. ಗ್ರಂಥ ಈಗ ಮೂರು ದಪ್ಪ ಸಂಪುಟ, ಇಂಗ್ಲಿಷಿನದು. ರಾತ್ರಿಶಾಲೆಯಲ್ಲಿ ಓದಿ ವಕೀಲರಾದ ನಮ್ಮ ಹುಡುಗರನ್ನು ಕೇಳಿ, ತೋರಿಸುತ್ತಾರೆ.