ಶಿಖರದಿಂದ ಮನೆಗೆ

ಕಾಳಿದಾಸನ ಮೇಘದೂತದಲ್ಲಿ ಸಂದೇಶವು ಬಯಲಿನಿಂದ ಪರ್ವತಕ್ಕೆ ಪಯಣಿಸುತ್ತದೆ. ರಾಮಗಿರಿಯಲ್ಲಿ ನಿಂತ ಯಕ್ಷ, ಕೈಲಾಸದ ಮಡಿಲಿನ ಅಲಕಾಪುರಿಯಲ್ಲಿರುವ ಮಡದಿಗೆ ಮುಂಗಾರಿನ ಮೋಡದ ಕೈಯಲ್ಲಿ ಕ್ಷೇಮವಾರ್ತೆಯನ್ನು ಕಳುಹಿಸುತ್ತಾನೆ. ಹಿಮಾಲಯದ ಶಿಖರಗಳನ್ನು ಏರಹೊರಟವರ ವೃತ್ತಾಂತಗಳನ್ನು ಓದುವಾಗಲೆಲ್ಲ ನನಗೆ ಈ ಕಾವ್ಯ ತಲೆಕೆಳಗಾಗಿ ನೆನಪಾಗುತ್ತದೆ. ಇಲ್ಲಿ ಪ್ರಿಯನಿರುವುದು ಪರ್ವತದ ಮೇಲೆ. ಸುದ್ದಿಗಾಗಿ ಕಾದಿರುವವಳು ಕೆಳಗೆ, ಮನೆಯಲ್ಲಿ. ಮೋಡವಂತೂ ದೂತನಲ್ಲ, ವೈರಿ. ಮುಂಗಾರು ಬಂದು ಎವರೆಸ್ಟನ್ನು ಕವಿಯುವ ಮುನ್ನ, ಮೇ ತಿಂಗಳಲ್ಲಿ ದೊರೆಯುವ ಕೆಲವೇ ದಿನಗಳ ಬಿಡುವಿನಲ್ಲಿ, ಹತ್ತಿ ಇಳಿದುಬಿಡಬೇಕು. 1953ರ ಬ್ರಿಟಿಷ್ ತಂಡಕ್ಕಾಗಿ ನಮ್ಮ ರೇಡಿಯೋ ವಿಶೇಷ ಹವಾಮಾನ ವರದಿಗಳನ್ನು ಬಿತ್ತರಿಸುತ್ತಿದ್ದಿತು. ಮೇಘವು ಸಂದೇಶವನ್ನು ಒಯ್ಯುವ ಬದಲು ಮೇಘವೇ ಸಂದೇಶದ ವಿಷಯವಾಯಿತು ಎನ್ನಬಹುದು.

ಬಯಲಿನ ಮಾತು ಹೀಗೆ ಮೇಲಕ್ಕೆ ಮುಟ್ಟಿತೇ ಹೊರತು, ಮೇಲಿನ ಮಾತು ಅಷ್ಟು ಸುಲಭವಾಗಿ ಕೆಳಕ್ಕೆ ಇಳಿಯಲಿಲ್ಲ. ಮೇ 29ರಂದು ಬೆಳಿಗ್ಗೆ ಹನ್ನೊಂದೂವರೆಗೆ ತೇನ್‌ಸಿಂಗ್ ಮತ್ತು ಹಿಲರಿ ತುದಿಯ ಮೇಲೆ ನಿಂತರು. ತಂಡದ ಜೊತೆಯಲ್ಲಿದ್ದ 'ಟೈಮ್ಸ್' ಪತ್ರಿಕೆಯ ವರದಿಗಾರ ಜೇಮ್ಸ್ ಮಾರಿಸ್‌ಗೆ ಈ ಸಂಗತಿ ತಿಳಿದದ್ದು ಮರುದಿನ, ಅವರು ಕೆಳಗಿನ ಶಿಬಿರಕ್ಕೆ ಇಳಿದುಬಂದಾಗ. ಆತ ಅಂದೇ ಹಿಮಪಾತದ ಬಿರುಕುಗಳ ನಡುವೆ ಎದ್ದುಬಿದ್ದು ಮೂಲಶಿಬಿರಕ್ಕೆ ಬಂದು, ಓಲೆಕಾರನೊಬ್ಬನನ್ನು ನಾಮ್ಚೆ ಬಜಾರಿಗೆ ಅಟ್ಟಿದ. ಅಲ್ಲಿ ಭಾರತದ ಒಂದು ನಿಸ್ತಂತು ಠಾಣೆಯಿದ್ದಿತು. ಬೇರೆ ಪತ್ರಿಕೆಗಳವರು ಸುದ್ದಿಯನ್ನು ಕದ್ದಾರೆಂಬ ಭಯದಿಂದ ಮಾರಿಸ್ ಗೂಢಭಾಷೆಯನ್ನು ಬಳಸಿದ್ದ. ಹಿಮದ ಸ್ಥಿತಿ ಚೆನ್ನಾಗಿಲ್ಲ ಎಂದರೆ ಎವರೆಸ್ಟನ್ನು ಏರಿದೆವು ಎಂದರ್ಥ. ಮುಂದಿನ ಶಿಬಿರವನ್ನು ತೊರೆದೆವು ಎಂದರೆ ಹಿಲರಿ. ಸುಧಾರಣೆಗಾಗಿ ಕಾಯುತ್ತಿದ್ದೇವೆ ಎಂದರೆ ತೇನ್‌ಸಿಂಗ್. ನೋಡಿದವರಿಗೆ ಅದು ಅಪ್ಪಟ ಸೋಲಿನ ಸುದ್ದಿ. ನಮ್ಮ ಅಲಂಕಾರಿಕರು ವಾಚ್ಯವೊಂದು, ವ್ಯಂಗ್ಯವೊಂದು ಎಂದು ಗಂಟೆಗಟ್ಟಲೆ ವಿವರಿಸುತ್ತಾರೆ. ತರಗತಿಯಲ್ಲಿ ನಾನೂ ವಿವರಿಸಿದ್ದೇನೆ. ಇದಕ್ಕಿಂತ ಸೊಗಸಾದ ಉದಾಹರಣೆ ಆಗ ನನಗೆ ಹೊಳೆದಿರಲಿಲ್ಲ. ಸಂದೇಶವು ಕಠ್ಮಂಡುವಿನ ಮಾರ್ಗವಾಗಿ ಜೂನ್ 1ರ ಸಂಜೆ ಲಂಡನ್ ಸೇರಿತು. ಮರುದಿನ ರಾಣಿ ಎಲಿಜಬೆತ್ತಳ ಪಟ್ಟಾಭಿಷೇಕ. ಆ ಮುಂಜಾನೆಯೇ ಸುದ್ದಿ ಅಚ್ಚಾಯಿತು.

ಎಲ್ಲರೂ ಈ ಕಥೆಯನ್ನು ಪತ್ರಕರ್ತನ ಜಾಣ್ಮೆಯೆಂದು ಹೊಗಳುತ್ತಾರೆ. ಹೊಗಳಲಿ. ಆದರೆ ಡಾರ್ಜಿಲಿಂಗಿನಲ್ಲಿ ತೇನ್‌ಸಿಂಗನ ಹೆಂಡತಿ ಆಂಗ್ ಲ್ಹಾಮು ಮತ್ತು ಇಬ್ಬರು ಹೆಣ್ಣುಮಕ್ಕಳು ಕಾಯುತ್ತಿದ್ದರು. ಆಕಾಶ ತಿಳಿಯಾಗಿದ್ದರೆ ಡಾರ್ಜಿಲಿಂಗಿನ ಬಳಿಯ ಟೈಗರ್ ಹಿಲ್‌ನಿಂದ ಎವರೆಸ್ಟಿನ ತುದಿ ಕಣ್ಣಿಗೆ ಕಾಣುತ್ತದೆ. ಕಣ್ಣಳತೆಯಲ್ಲಿದ್ದ ಆ ಮನೆಗೆ ಸುದ್ದಿ ತಲುಪಿದ್ದು ಅದು ಲಂಡನ್ನಿನ ಪತ್ರಿಕಾ ಕಚೇರಿಯನ್ನು ಮುಟ್ಟಿದ ಮೇಲೆ. ಚಿಕ್ಕ ಮಗಳು ನೀಮಾ ಅಪ್ಪನ ಕೈಗೆ ಒಂದು ಕೆಂಪು-ನೀಲಿ ಪೆನ್ಸಿಲಿನ ತುಂಡನ್ನು ಕೊಟ್ಟು ಕಳುಹಿಸಿದ್ದಳು. ಅವನು ಅದನ್ನು ಶಿಖರದ ಹಿಮದಲ್ಲಿ ಹೂತಿಟ್ಟು ಬಂದಿದ್ದ. ಈ ಸಂಗತಿಯನ್ನು ತಿಳಿಯುವ ಮೊದಲ ಹಕ್ಕು ಆ ಹುಡುಗಿಯದಲ್ಲವೆ? ಪತ್ರಿಕೆಯವರಿಗೆ ಒಪ್ಪಂದವಿದ್ದಿತು ಎಂಬುದನ್ನು ಬಲ್ಲೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ತಡವಾಗಿ ಬಂದರೂ ಅದು ಶುಭವಾರ್ತೆ. 1924ರಲ್ಲಿ ಹಾಗಾಗಲಿಲ್ಲ. ಜೂನ್ 8ರ ಮಧ್ಯಾಹ್ನ ಮ್ಯಾಲರಿ ಮತ್ತು ಇರ್ವಿನ್ ಮೋಡ ಸರಿದ ಒಂದು ಗಳಿಗೆಯಲ್ಲಿ ಗೆಳೆಯ ಓಡೆಲ್ ಕಣ್ಣಿಗೆ ಬಿದ್ದು ಮತ್ತೆ ಮರೆಯಾದರು. ತಂತಿ ಲಂಡನ್ನಿಗೆ ಬಂದದ್ದು 19ರಂದು. ನಡುವಣ ಹನ್ನೊಂದು ದಿನ ಕೇಂಬ್ರಿಜಿನಲ್ಲಿ ರೂತ್ ಮ್ಯಾಲರಿ ಮೂರು ಮಕ್ಕಳ ತಾಯಿಯಾಗಿ, ಪರ್ವತಾರೋಹಿಯ ಮಡದಿಯಾಗಿ ಎಂದಿನಂತೆ ಬಾಳಿದಳು. ವಿಧವೆಯಾಗಿದ್ದುದು ಅವಳಿಗೆ ತಿಳಿಯದು. ಆ ಹನ್ನೊಂದು ದಿನಗಳನ್ನು ಕರುಣೆಯೆನ್ನಬೇಕೋ ಕ್ರೌರ್ಯವೆನ್ನಬೇಕೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮ್ಯಾಲರಿಯ ದೇಹ ದೊರೆತದ್ದು 1999ರಲ್ಲಿ. ಇರ್ವಿನ್ನನದೆಂದು ಒಂದು ಪಾದ ದೊರೆತದ್ದು, ನೂರು ವರ್ಷಗಳ ಬಳಿಕ, 2024ರಲ್ಲಿ. ಅವನನ್ನು ಗುರುತಿಸಲು ಮೊದಲು ನೆರವಾದದ್ದು ಕಾಲುಚೀಲಕ್ಕೆ ಹೊಲಿದಿದ್ದ ಅವನ ಹೆಸರಿನ ಪಟ್ಟಿ.

ಈಗ ದೂರವಾಣಿಯಿದೆ, ಉಪಗ್ರಹವಿದೆ. ಕಾಯುವ ಕಷ್ಟ ತೀರಿತಲ್ಲ ಎಂದು ಕೇಳುವವರುಂಟು. 1996ರ ಮೇ 10ರಂದು ನ್ಯೂಜಿಲೆಂಡಿನ ರಾಬ್ ಹಾಲ್, ಸೋತುಹೋಗಿದ್ದ ಜೊತೆಗಾರನನ್ನು ಬಿಟ್ಟುಬರಲಾರದೆ, ಬಿರುಗಾಳಿಗೆ ಸಿಕ್ಕಿ ಎವರೆಸ್ಟಿನ ದಕ್ಷಿಣ ಶೃಂಗದ ಬಳಿ ಉಳಿದುಬಿಟ್ಟ. ಅವನ ಕೈಯಲ್ಲೊಂದು ಸಣ್ಣ ರೇಡಿಯೋ ಇದ್ದಿತು. ಮೂಲಶಿಬಿರದವರು ಉಪಗ್ರಹ ದೂರವಾಣಿಯ ಮೂಲಕ ಅವನ ದನಿಯನ್ನು ನ್ಯೂಜಿಲೆಂಡಿನ ಮನೆಗೆ ಮುಟ್ಟಿಸಿದರು. ಹೆಂಡತಿ ಜಾನ್ ಆರ್ನಲ್ಡ್ ತುಂಬು ಬಸುರಿ. ವೈದ್ಯೆಯಾದ ಆಕೆ ಮೂರು ವರ್ಷಗಳ ಹಿಂದೆ ಅವನೊಡನೆಯೇ ಎವರೆಸ್ಟನ್ನು ಏರಿದ್ದವಳು. ಅವನು ಕುಳಿತಿದ್ದ ಎಡೆ ಎಂಥದೆಂದು, ಅಲ್ಲಿಂದ ಯಾರೂ ಯಾರನ್ನೂ ಹೊತ್ತು ತರಲಾರರೆಂದು, ಯಾರೂ ಹೇಳದೆಯೇ ಅವಳಿಗೆ ಗೊತ್ತಿದ್ದಿತು. ಮರುದಿನ ಸಂಜೆ ಅವರು ಕಡೆಯ ಸಲ ಮಾತನಾಡಿದರು. ಹುಟ್ಟಲಿರುವ ಮಗುವಿನ ಹೆಸರನ್ನು ಅವನು ಹೇಳಿದ. ಹೆಚ್ಚು ಚಿಂತಿಸಬೇಡ ಎಂದ. ಆಮೇಲೆ ರೇಡಿಯೋ ಮಾತನಾಡಲಿಲ್ಲ.

ಆ ಜುಲೈಯಲ್ಲಿ ಹೆಣ್ಣುಮಗು ಹುಟ್ಟಿತು. ಆ ಹೆಸರನ್ನೇ ಇಟ್ಟರು.