ಬೂದಿ ಮುಚ್ಚಿದ ಕೆಂಡದ ಅಳತೆ



ನನ್ನದು ಖಗೋಳ ವಿಜ್ಞಾನದ ಕೆಲಸ. "ಐದೇ ನಿಮಿಷ, ಕನ್ನಡದಲ್ಲೇ ಹೇಳಬೇಕು" ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಹಾಗಾಗಿ ಒಂದೇ ಒಂದು ಗೆಲಾಕ್ಸಿಯ ಕಥೆ ಹೇಳುತ್ತೇನೆ.

1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಸಪ್ತರ್ಷಿ ಮಂಡಲದ ಪುಟ್ಟ ಕತ್ತಲೆಯ ಚೂರೊಂದನ್ನು ಹತ್ತು ದಿನ ನೋಡಿತು. ಅಲ್ಲಿ ಸಾವಿರಾರು ಗೆಲಾಕ್ಸಿಗಳು ಕಂಡವು. ಆಮೇಲೆ ನಮ್ಮ ಈ ಬ್ರಿಟನ್ನಿನ ಎಡಿನ್‌ಬರೊದಲ್ಲಿ ತಯಾರಾದ 'ಸ್ಕೂಬಾ' ಎಂಬ ಕ್ಯಾಮೆರಾದಿಂದ, ಹವಾಯಿಯ ಮೌನಾ ಕೆಯಾ ಬೆಟ್ಟದ ಮೇಲೆ ನಿಂತು, ಅದೇ ಜಾಗವನ್ನು ನೋಡಿದರು. ಅದು ಹಿಡಿಯುವುದು ಕಣ್ಣಿಗೆ ಕಾಣದ ಬೆಳಕು. ಅದರ ಅಲೆಯ ಉದ್ದ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. 1998ರಲ್ಲಿ ಫಲಿತಾಂಶ ಬಂತು. ಆ ಬೆಳಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ ಗೆಲಾಕ್ಸಿ ಹಬಲ್ ಚಿತ್ರದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ! ಅದರ ಹೆಸರು ಎಚ್‌ಡಿಎಫ್ 850.1.

ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ. ಹೊಸ ನಕ್ಷತ್ರಗಳ ಬೆಳಕನ್ನೆಲ್ಲ ಸುತ್ತಲಿನ ಧೂಳು ನುಂಗಿಬಿಡುತ್ತದೆ. ನುಂಗಿ ಬಿಸಿಯಾಗುತ್ತದೆ. ಬಿಸಿ ಎಂದರೆ ಸುಮಾರು ಮೈನಸ್ 235 ಡಿಗ್ರಿ, ಅಷ್ಟೇ! ಆ ಬಿಸಿಯನ್ನೇ ನಾವು ಅಳೆಯುವುದು. ಬೇರೆ ಬೇರೆ ಅಲೆಗಳಲ್ಲಿ ಬಂದ ಬೆಳಕನ್ನು ಕೂಡಿಸಿದರೆ ಒಟ್ಟು ಪ್ರಕಾಶ ಎಷ್ಟೆಂದು ತಿಳಿಯುತ್ತದೆ. ಅದರಿಂದ ವರ್ಷಕ್ಕೆಷ್ಟು ನಕ್ಷತ್ರ ಹುಟ್ಟುತ್ತವೆ ಎಂಬ ಲೆಕ್ಕ. ಉದ್ದನೆಯ ಅಲೆಗಳ ಹೊಳಪಿನಿಂದ ಧೂಳು ಎಷ್ಟಿದೆ ಎಂದು ತಿಳಿಯುತ್ತದೆ. ನಮ್ಮ ಕ್ಷೀರಪಥದಲ್ಲಿ ಧೂಳಿನ ನೂರರಷ್ಟು ಅನಿಲವಿದೆ. ಅಲ್ಲೂ ಹಾಗೇ ಇರಬೇಕೆಂದು ಅಂದಾಜು.

ಆದರೆ ದೂರ ಗೊತ್ತಿಲ್ಲದೆ ಈ ಯಾವ ಲೆಕ್ಕವೂ ನಿಲ್ಲದು. ದೀಪ ದೂರ ಹೋದಷ್ಟೂ ಮಂಕಾಗುತ್ತದೆ, ಸರಿ. ಆದರೆ ಬ್ರಹ್ಮಾಂಡ ಹಿಗ್ಗುವಾಗ ಬೆಳಕಿನ ಅಲೆಗಳೂ ಹಿಗ್ಗುತ್ತವೆ. ದೂರ ಹೆಚ್ಚಿದಷ್ಟೂ ಧೂಳಿನ ಹೊಳಪಿನ ಪ್ರಖರ ಭಾಗ ಈ ಕ್ಯಾಮೆರಾಕ್ಕೆ ಸಿಗುತ್ತದೆ. ಅಲ್ಲಿಗೆ ನಷ್ಟ ಲಾಭ ಸರಿಸಮ. ಹತ್ತಿರದ್ದೂ ದೂರದ್ದೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ!

ದೂರ ಸಿಗಲು 14 ವರ್ಷ ಬೇಕಾಯಿತು. 2012ರಲ್ಲಿ, ಅಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನಿಲ ಸೂಸುವ ಅಲೆಗಳು ಎಷ್ಟು ಹಿಗ್ಗಿವೆ ಎಂದು ಅಳೆದಾಗ ತಿಳಿಯಿತು: ಆ ಬೆಳಕು ಹೊರಟು ಸುಮಾರು 1,250 ಕೋಟಿ ವರ್ಷ. ಅಲ್ಲಿ ವರ್ಷಕ್ಕೆ ಸುಮಾರು 850 ಸೂರ್ಯರಷ್ಟು ನಕ್ಷತ್ರ ಹುಟ್ಟುತ್ತಿದ್ದವು. ನಮ್ಮ ಕ್ಷೀರಪಥದಲ್ಲಿ ಒಂದೋ ಎರಡೋ.

ಇನ್ನು ಮನೆಯ ಮಾತು. ನನ್ನ ಮಗನೂ ಇಂದು ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳ ಈ ಸಾಲಿನಲ್ಲಿದ್ದಾನೆ. ನಾನು ಕನ್ನಡದಲ್ಲಿ ಏನು ಕೇಳಿದರೂ ಅವನ ಉತ್ತರ ಇಂಗ್ಲಿಷಿನಲ್ಲೇ. ಹೋದ ಚಳಿಗಾಲದಲ್ಲಿ "ಇವನಿಗೆ ಬರುವುದಿಲ್ಲ, ಕನ್ನಡ ಶಾಲೆ ಬಿಡಿಸೋಣ" ಎಂದು ಇವಳಿಗೆ ಹೇಳಿದ್ದೆ. ಅದೇ ವಾರ ಊರಿನ ಆಸ್ಪತ್ರೆಯಿಂದ ನನ್ನ ಅಮ್ಮ ಫೋನ್ ಮಾಡಿದರು. ನಾನಿರಲಿಲ್ಲ. ಇವನೇ ಎತ್ತಿ ಅರ್ಧ ಗಂಟೆ ಮಾತಾಡಿದ್ದಾನೆ: "ಅಜ್ಜಿ, ಊಟ ಆಯ್ತಾ? ಸೂಜಿ ಚುಚ್ಚಿದ್ರಾ? ತುಂಬಾ ನೋವಾಯ್ತಾ?" ಅಮ್ಮ ಮರುದಿನ ಹೇಳಿದಾಗಲೇ ನನಗೆ ಗೊತ್ತಾಗಿದ್ದು.

ದಿನವಿಡೀ ಕಾಣದ್ದನ್ನು ಅಳೆಯುವವನು, ಮನೆಯಲ್ಲಿ ಅಳತೆ ತಪ್ಪಿದ್ದೆ.

ಪೋಷಕರೇ, "ನಮ್ಮ ಮಗೂಗೆ ಕನ್ನಡ ಬರಲ್ಲ" ಎನ್ನುವ ಮೊದಲು ಒಮ್ಮೆ ಹತ್ತಿರ ಕೈಯೊಡ್ಡಿ ನೋಡಿ, ಬಿಸಿ ತಾಕೀತು. ಮಕ್ಕಳೇ, ನೀವೂ ಆಗಾಗ ಅಜ್ಜಿಗೆ ಫೋನ್ ಮಾಡಿ.

ಎಲ್ಲರಿಗೂ ಶುಭವಾಗಲಿ.